ಒತ್ತು, ಹಿಡಿ, ಬಿಡು

ಮಲೆನಾಡಿನಲ್ಲಿ ಆಷಾಢ ಹಿಡಿಯಿತೆಂದರೆ ಅಡುಗೆಮನೆಯ ಉಪ್ಪು ನೀರೊಡೆಯುತ್ತದೆ. ಡಬ್ಬಿಯಲ್ಲಿಟ್ಟ ಹಪ್ಪಳ ಮೆತ್ತಗಾಗುತ್ತದೆ, ಬೆಂಕಿಕಡ್ಡಿ ಗೀಚಿದರೆ ಮದ್ದು ಉದುರುತ್ತದೆ, ಕಪಾಟಿನ ಮೂಲೆಯ ರೇಷ್ಮೆ ಸೀರೆಗೆ ಬೂಷ್ಟು ಹಿಡಿಯುತ್ತದೆ. ಯಾವ ವಸ್ತು ಗಾಳಿಯಿಂದ ಎಷ್ಟು ನೀರು ಕುಡಿಯುತ್ತದೆಂದು ಇಲ್ಲಿಯ ಹೆಂಗಸರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಯಾವುದನ್ನು ಗಾಜಿನ ಭರಣಿಗೆ ಹಾಕಬೇಕು, ಯಾವುದನ್ನು ಒಲೆಯ ಮೇಲಿನ ಅಟ್ಟಕ್ಕೆ ಏರಿಸಬೇಕು, ಎಲ್ಲ ಅವರ ಕೈಗೇ ಗೊತ್ತು. ಅಂಗಳದ ಶೆಡ್ಡಿನಲ್ಲಿ ನಿಂತ ಕಾರಿನ ಬಾನೆಟ್ಟಿನ ಕೆಳಗೆ, ಅಂಗೈಯಲ್ಲಿ ಹಿಡಿಸುವ ಒಂದು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಉಪ್ಪಿನ ಹಾಗೇ ನೀರು ಹೀರುವ ಇನ್ನೊಂದು ವಸ್ತು ಇದೆಯೆಂದು ನನಗೆ ಗೊತ್ತಾಗಿದ್ದು ಮಾತ್ರ ಬಹಳ ತಡವಾಗಿ. ಅದು ಬ್ರೇಕ್ ಆಯಿಲ್.

ಆಯಿಲ್ ಅನ್ನುವುದು ರೂಢಿ. ಗ್ಯಾರೇಜಿನವರು ಹಾಗೇ ಅನ್ನುತ್ತಾರೆ, ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲೂ ಹಾಗೆ ಕೇಳಿದರೇ ಕೊಡುತ್ತಾರೆ, ನಾನೂ ಹಾಗೇ ಬರೆಯುತ್ತೇನೆ. ನಿಜಕ್ಕೆ ಅದು ಎಣ್ಣೆಯ ಜಾತಿಯದಲ್ಲ, ಗ್ಲೈಕಾಲ್ ಈಥರ್ ಎಂಬ ರಾಸಾಯನಿಕದ ಕುಟುಂಬದ್ದು. ಎರಡು ಬೆರಳ ನಡುವೆ ಉಜ್ಜಿದರೆ ಜಿಡ್ಡು ಅನ್ನಿಸುತ್ತದೆ, ಒಂದು ಚೊಂಬು ನೀರು ಹೊಯ್ದರೆ ತೊಳೆದುಹೋಗುತ್ತದೆ. ಕೊಬ್ಬರಿ ಎಣ್ಣೆಯೋ ಗ್ರೀಸೋ ಹಾಗೆ ಹೋಗುವುದುಂಟೇ? ನೀರಿನ ಜತೆ ಇಷ್ಟು ಸಲಿಗೆ ಇರುವ ಈ ದ್ರವ ಡಬ್ಬಿಯ ಮುಚ್ಚಳದ ಸಂದಿಯಿಂದ, ಚಕ್ರದ ಹತ್ತಿರದ ರಬ್ಬರ್ ಹೋಸಿನ ಕಣ್ಣಿಗೆ ಕಾಣದ ರಂಧ್ರಗಳಿಂದ, ದಿನಾ ಒಂದಿಷ್ಟು ತೇವ ಎಳೆದುಕೊಳ್ಳುತ್ತಲೇ ಇರುತ್ತದೆ. ಕಾರು ಓಡಲಿ, ಬಿಡಲಿ.

ಭಾನುವಾರ ಬೆಳಿಗ್ಗೆ ಕಾಫಿ ಆದಮೇಲೆ ಬಾನೆಟ್ ಎತ್ತುವುದು ನನ್ನ ಅಭ್ಯಾಸ. ತಿಂಗಳಿಗೊಮ್ಮೆ ನೋಡಿದರೆ ಧಾರಾಳ ಸಾಕು. ಆದರೂ ಪ್ರತಿ ವಾರ ನೋಡುತ್ತೇನೆ, ಯಾಕೆಂದರೆ ನೋಡುವುದು ನನಗೆ ಇಷ್ಟ. ಕಾರು ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು, ಎಂಜಿನ್ ತಣ್ಣಗಿರಬೇಕು. ಡ್ರೈವರ್ ಕೂರುವ ಕಡೆ, ಗಾಜಿನ ಬುಡಕ್ಕೆ, ಪೆಡಲ್ ಒತ್ತಿದಾಗ ದ್ರವವನ್ನು ತಳ್ಳುವ ಮಾಸ್ಟರ್ ಸಿಲಿಂಡರಿನ ತಲೆಯ ಮೇಲೆ ಆ ಡಬ್ಬಿ ಕೂತಿರುತ್ತದೆ. ಮೈಮೇಲೆ ಎರಡು ಗೆರೆ: ಮೇಲೆ ಮ್ಯಾಕ್ಸ್, ಕೆಳಗೆ ಮಿನ್. ಹೊಸದರಲ್ಲಿ ಹಾಲಿನಂತೆ ಬೆಳ್ಳಗಿದ್ದ ಪ್ಲಾಸ್ಟಿಕ್ ವರ್ಷಗಳ ಬಿಸಿಗೆ ಹಳದಿಯಾಗಿ ಮಂಜುಮಂಜಾಗಿರುತ್ತದೆ. ಎದುರಿನಿಂದ ಇಣುಕಿದರೆ ಏನೂ ಕಾಣದು. ಡಬ್ಬಿಯ ಹಿಂಬದಿಗೆ ಟಾರ್ಚ್ ಹಿಡಿಯಬೇಕು. ಆಗ ಡಬ್ಬಿ ಒಳಗಿನಿಂದ ಹೊತ್ತಿಕೊಂಡ ಹಾಗೆ ಬೆಳಗಿ, ದ್ರವದ ಮಟ್ಟ ಒಂದು ಕಪ್ಪು ಎಳೆಯಾಗಿ ತೋರುತ್ತದೆ. ಬಾನೆಟ್ಟಿಗೆ ಕೈಯಾನಿಸಿ ಒಂದು ಸಲ ಅಲುಗಿಸಿದರೆ ಆ ಎಳೆ ನಡುಗಿ ಮತ್ತೆ ಸ್ಥಿರವಾಗುತ್ತದೆ. ಮುಚ್ಚಳ ಮುಟ್ಟುವುದೇ ಇಲ್ಲ. ಮುಚ್ಚಿಟ್ಟೇ ನೋಡಲು ಬರುವುದನ್ನು ತೆರೆದು ನೋಡಬಾರದು. ತೆರೆದಷ್ಟು ಸಲವೂ ಊರಿನ ತೇವವನ್ನು ಒಳಗೆ ಕರೆದಂತೆ.

ಆ ಎಳೆ ಇರುವಲ್ಲಿ ಪೇಪರ್ ಟೇಪು ಅಂಟಿಸಿ ಪೆನ್ಸಿಲಿನಿಂದ ಒಂದು ಗೀಟು, ಪಕ್ಕದಲ್ಲಿ ತಾರೀಕು. ಈ ಗೀಟುಗಳು ವರ್ಷವಿಡೀ ಸ್ವಲ್ಪಸ್ವಲ್ಪವೇ ಕೆಳಗೆ ಇಳಿಯುತ್ತವೆ. ಮೊದಮೊದಲು ನನಗೆ ಗಾಬರಿ, ಎಲ್ಲೋ ಸೋರುತ್ತಿದೆಯೆಂದು. ಸೋರಿಕೆ ಇರಲಿಲ್ಲ. ಮುಂದಿನ ಚಕ್ರದ ಬ್ರೇಕ್ ಪ್ಯಾಡು ಸವೆಯುತ್ತಾ ಬಂದಂತೆ ಅದನ್ನು ಒತ್ತುವ ಕ್ಯಾಲಿಪರಿನ ಪಿಸ್ಟನ್ ಅಷ್ಟಷ್ಟೇ ಹೊರಗೆ ಬಂದು ನಿಲ್ಲುತ್ತದೆ. ಅದರ ಹಿಂದೆ ತೆರವಾದ ಜಾಗಕ್ಕೆ ಮೇಲಿನ ಡಬ್ಬಿಯಿಂದ ದ್ರವ ಇಳಿಯುತ್ತದೆ. ಎಂಜಿನ್ನಿನ ಪಕ್ಕದ ಡಬ್ಬಿಯಲ್ಲಿ ಅಕ್ಕಿಕಾಳಿನಷ್ಟು ಇಳಿದ ಗೆರೆ, ಚಕ್ರ ಬಿಚ್ಚದೆ ಕಾಣಲು ಬಾರದ ಪ್ಯಾಡಿನ ದಪ್ಪವನ್ನು ಹೇಳುತ್ತಿರುತ್ತದೆ! ಇದು ತಿಳಿದ ದಿನ ನಾನು ಎಷ್ಟು ಹೊತ್ತು ಆ ಗೀಟುಗಳನ್ನು ನೋಡುತ್ತ ನಿಂತಿದ್ದೆನೋ.

ಆದ್ದರಿಂದ ಮಟ್ಟ ತುಸು ಇಳಿಯಿತೆಂದು ಡಬ್ಬಿ ತಂದು ತುಂಬಿಸಿಬಿಡುವುದು ನನಗೆ ಸರಿ ಕಾಣುವುದಿಲ್ಲ. ತುಂಬಿಸಿದರೆ ಪ್ಯಾಡು ಹೇಳುತ್ತಿದ್ದ ಮಾತಿಗೆ ಬಾಯಿ ಕಟ್ಟಿದ ಹಾಗೆ. ಅಲ್ಲದೆ ಮುಂದೆ ಹೊಸ ಪ್ಯಾಡು ಹಾಕುವಾಗ ಪಿಸ್ಟನ್ನನ್ನು ಒಳಕ್ಕೆ ನೂಕುತ್ತಾರೆ. ಇಳಿದ ದ್ರವವೆಲ್ಲ ಮೇಲೆ ಬಂದು ಡಬ್ಬಿ ತುಂಬಿ ಹೊರಚೆಲ್ಲುತ್ತದೆ. ಅದು ಬಿದ್ದ ಕಡೆ ಬಣ್ಣ ಉಬ್ಬಿ ಸಿಪ್ಪೆಯಂತೆ ಏಳುತ್ತದೆ. ಚೆಲ್ಲಿದ ತಕ್ಷಣ ಒರೆಸಬಾರದು, ಮೊದಲು ಧಾರಾಳ ನೀರು ಹೊಯ್ಯಬೇಕು. ಮಟ್ಟ ಮಿನ್ ಗೆರೆಯ ಹತ್ತಿರ ಬಂದಾಗ ಹ್ಯಾಂಡ್ ಬ್ರೇಕಿನ ಕೆಂಪು ದೀಪ ತಿರುವುಗಳಲ್ಲಿ ಮಿಣಕ್ ಅಂದು ಆರುವುದುಂಟು. ದ್ರವ ಒಂದು ಬದಿಗೆ ವಾಲಿದಾಗ ಒಳಗಿನ ತೇಲುಗುಂಡು ಕೆಳಗೆ ಹೋಗಿ, ಮತ್ತೆ ಮೇಲೆ ಬರುವ ಆಟ ಅದು. ಲೂಸ್ ಕನೆಕ್ಷನ್ ಎಂದು ಜನ ಬಿಟ್ಟುಬಿಡುತ್ತಾರೆ. ಬಿಡಬಾರದು. ಇನ್ನು ಮಟ್ಟ ಒಂದೇ ವಾರದಲ್ಲಿ ಬೆರಳಗಲ ಇಳಿದರೆ ಅದು ಪ್ಯಾಡಿನ ಮಾತಲ್ಲ. ನಾಲ್ಕೂ ಟಯರಿನ ಒಳಮೈ, ಪೆಡಲಿನ ಹಿಂದಿನ ಮ್ಯಾಟು, ಹೋಸಿನ ಬಿರುಕು, ಎಲ್ಲ ಹುಡುಕಬೇಕು, ಸಿಗುವವರೆಗೆ ಕಾರು ಶೆಡ್ಡು ಬಿಡಬಾರದು.

ಬಣ್ಣದ ಮಾತು ಹೇಳದೆ ಮುಂದೆ ಹೋಗಲಾರೆ. ಸೀಲು ಒಡೆದು ಸುರಿದ ಹೊಸ ಆಯಿಲ್ ತಿಳಿಜೇನಿನ ಬಣ್ಣ. ವರ್ಷ ಕಳೆದರೆ ಹಾಲು ಹಾಕದ ಚಹಾ. ಮೂರು ವರ್ಷ ಯಾರೂ ಕೇಳದೆ ಬಿಟ್ಟಿದ್ದರೆ ಜೋನಿಬೆಲ್ಲ, ಅದರಾಚೆ ಕಷಾಯ. ಕಪ್ಪಾದದ್ದನ್ನು ಬದಲಿಸಲೇಬೇಕು. ತಿಳಿಯಾಗಿದೆ ಎಂದು ನೆಚ್ಚಿಕೊಳ್ಳುವಂತೆಯೂ ಇಲ್ಲ. ನೀರಿಗೆ ಬಣ್ಣ ಎಲ್ಲಿಂದ ಬರಬೇಕು? ಅದಕ್ಕೇ ಎರಡು ವರ್ಷಕ್ಕೊಮ್ಮೆ ಅಥವಾ 40,000 ಕಿಲೋಮೀಟರಿಗೊಮ್ಮೆ, ಯಾವುದು ಮೊದಲು ಬರುತ್ತದೋ ಆಗ, ಬದಲಿಸುವ ಲೆಕ್ಕ ಬಹಳ ಕಡೆ ಇಟ್ಟುಕೊಂಡಿದ್ದಾರೆ. ತೇವ ಅಳೆಯುವ ಪೆನ್ನಿನಂಥ ಒಂದು ಸಾಧನವೂ ಸಿಗುತ್ತದೆ. ಎರಡು ಮುಳ್ಳನ್ನು ಅದ್ದಿದರೆ ಹಸಿರು, ಹಳದಿ, ಕೆಂಪು ದೀಪ. ನನ್ನ ಹತ್ತಿರ ಒಂದಿದೆ. ಅದು ಹೇಳುವುದು ಅಂದಾಜು. ನಾನು ಕ್ಯಾಲೆಂಡರನ್ನೇ ಹೆಚ್ಚು ನಂಬುತ್ತೇನೆ.

ಈ ನಂಬಿಕೆ ಹುಟ್ಟಿದ ಜಾಗ ಆಗುಂಬೆ ಘಾಟಿ.

ಮೇ ತಿಂಗಳು, ಹೆಬ್ರಿಯಲ್ಲಿ ಹತ್ತಿರದವರ ಮದುವೆ. ತೀರ್ಥಹಳ್ಳಿಯ ಕಡೆಯಿಂದ ಹೊರಟೆವು. ಕಾರು ಸೆಕೆಂಡ್ ಹ್ಯಾಂಡಿನಲ್ಲಿ ಕೊಂಡದ್ದು, ಮನೆಗೆ ಬಂದು ಮೂರು ವರ್ಷವಾಗಿತ್ತು. ಐದು ಜನ, ಡಿಕ್ಕಿ ತುಂಬ ಸಾಮಾನು, ಹಿಂದಿನ ಸೀಟಿನ ನಡುವೆ ಅಮ್ಮ. ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ದಾರಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು. ನಾನು ಮೂರನೇ ಗೇರಿನಲ್ಲೇ ಇಳಿಯುತ್ತ ಬ್ರೇಕಿನ ಮೇಲಿಟ್ಟ ಕಾಲು ತೆಗೆದೇ ಇರಲಿಲ್ಲ. ಅರ್ಧ ಘಾಟಿ ದಾಟುವಾಗ ಏನೋ ಸುಟ್ಟ ವಾಸನೆ ಬಂತು. ಮುಂದಿನ ಲಾರಿಯದಿರಬೇಕು ಅಂದುಕೊಂಡೆ. ಅದಾದ ಮೇಲಿನ ತಿರುವಿನಲ್ಲಿ ಪೆಡಲ್ ಒತ್ತಿದರೆ ಕೆಳಗೆ ಏನೂ ಇಲ್ಲ. ತುಂಬಿದ ಹತ್ತಿಯ ಚೀಲದ ಮೇಲೆ ಕಾಲಿಟ್ಟ ಹಾಗೆ ನೆಲದವರೆಗೆ ಹೋಯಿತು.

ಮೂರು ಸಲ ಪಂಪ್ ಮಾಡಿದೆ, ತುಸು ಹಿಡಿಯಿತು. ಎರಡನೇ ಗೇರು, ಆಮೇಲೆ ಒಂದನೇ ಗೇರು, ಎಂಜಿನ್ ಅರಚಿಕೊಂಡಿತು. ಹ್ಯಾಂಡ್ ಬ್ರೇಕ್ ಹಂತಹಂತವಾಗಿ ಎಳೆಯುತ್ತ ಗುಡ್ಡದ ಕಡೆಯ ಚರಂಡಿಗೆ ಎಡಗಾಲಿ ಇಳಿಸಿ ನಿಲ್ಲಿಸಿದೆ. ಯಾರೂ ಮಾತಾಡಲಿಲ್ಲ.

ಘಾಟಿ ಹತ್ತುತ್ತಿದ್ದ ಒಂದು ಮಿನಿಬಸ್ಸು ನಿಂತಿತು. ಡ್ರೈವರ್ ಇಳಿದು ಬಂದು ಮುಂದಿನ ಚಕ್ರದ ಹತ್ತಿರ ಅಂಗೈ ಹಿಂಬದಿ ಹಿಡಿದು ನೋಡಿದರು. "ಆಯಿಲ್ ಕುದ್ದಿದೆ ಸಾರ್. ನೀರು ಹೊಯ್ಬೇಡಿ, ಡಿಸ್ಕ್ ಬಿರುಕು ಬಿಡ್ತದೆ. ಅರ್ಧ ಗಂಟೆ ಸುಮ್ನೆ ಕೂತ್ಕೊಳ್ಳಿ, ತಾನೇ ಸರಿ ಆಗ್ತದೆ" ಅಂದರು. ಬಸ್ಸು ಹತ್ತುವ ಮುಂಚೆ ತಿರುಗಿ, "ಆಯಿಲ್ ಬದಲಾಯ್ಸಿ ಎಷ್ಟು ವರ್ಷ ಆಯ್ತು?" ಎಂದು ಕೇಳಿದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ಅಂಥದ್ದೊಂದನ್ನು ಬದಲಿಸಬೇಕೆಂದೇ ತಿಳಿದಿರಲಿಲ್ಲ.

ನಲವತ್ತು ನಿಮಿಷ ಕಳೆದು ಪೆಡಲ್ ಒತ್ತಿದರೆ ಬೆಳಿಗ್ಗೆ ಹೇಗಿತ್ತೋ ಹಾಗೇ ಗಟ್ಟಿ. ಏನೂ ಆಗೇ ಇಲ್ಲವೇನೋ ಎಂಬಂತೆ. ಉಳಿದ ತಿರುವುಗಳನ್ನು ಎರಡನೇ ಗೇರಿನಲ್ಲಿ ಇಳಿದು ಮದುವೆಮನೆ ಸೇರಿದೆವು, ಪಾಯಸ ಉಂಡೆವು. ನನ್ನ ತಲೆಯಲ್ಲಿ ಮಾತ್ರ ಒಂದೇ ಪ್ರಶ್ನೆ: ಹೋದ ಬ್ರೇಕು ವಾಪಸ್ ಬಂದದ್ದು ಹೇಗೆ?

ಉತ್ತರ ಹುಡುಕುತ್ತ ಹೋದವನು ಈ ದ್ರವದ ಮೋಹಕ್ಕೆ ಬಿದ್ದೆ. ಮುಚ್ಚಿದ ಪಾತ್ರೆಯ ದ್ರವವನ್ನು ಒಂದು ಕಡೆ ಒತ್ತಿದರೆ ಆ ಒತ್ತಡ ಎಲ್ಲ ಕಡೆಗೂ ಒಂದೇ ಸಮನಾಗಿ ಹರಡುತ್ತದೆಂದು 17ನೇ ಶತಮಾನದಲ್ಲಿ ಫ್ರಾನ್ಸಿನ ಪಾಸ್ಕಲ್ ಹೇಳಿದ್ದನ್ನು ಹೈಸ್ಕೂಲಿನಲ್ಲಿ ಬಾಯಿಪಾಠ ಮಾಡಿದ್ದೆವು. ಕಾಲಿನ ಕೆಳಗೆ ಒಂದು ಸಣ್ಣ ಪಿಸ್ಟನ್, ಚಕ್ರದ ಬಳಿ ಅದಕ್ಕಿಂತ ದೊಡ್ಡದು. ಕ್ಷೇತ್ರ ನಾಲ್ಕು ಪಟ್ಟಾದರೆ ಬಲವೂ ನಾಲ್ಕು ಪಟ್ಟು, ಸರಿಯುವ ದೂರ ನಾಲ್ಕರಲ್ಲಿ ಒಂದು. ಇದೆಲ್ಲ ನಡೆಯುವುದು ದ್ರವ ಕುಗ್ಗುವುದಿಲ್ಲ ಎಂಬ ಒಂದೇ ಭರವಸೆಯ ಮೇಲೆ. ಗಾಳಿ ಕುಗ್ಗುತ್ತದೆ, ಆವಿಯೂ ಕುಗ್ಗುತ್ತದೆ. ನರ್ಸು ಸೂಜಿ ಚುಚ್ಚುವ ಮುಂಚೆ ಸಿರಿಂಜನ್ನು ಮೇಲೆ ಹಿಡಿದು ಗಾಳಿ ಹೊರಗೆ ಹಾಕುವುದನ್ನು ನೋಡಿದ್ದೇವಲ್ಲ, ಒಳಗೆ ಗುಳ್ಳೆ ಇದ್ದಾಗ ಹಿಡಿಕೆ ಸ್ಪ್ರಿಂಗಿನಂತೆ ಪುಟಿಯುತ್ತದೆ. ಆ ದಿನ ಘಾಟಿಯಲ್ಲಿ ನನ್ನ ಕಾಲಿಗೆ ಸಿಕ್ಕಿದ್ದು ಅದೇ.

ಡಬ್ಬಿಯ ಮೇಲೆ ಬರೆದಿರುವ ಡಾಟ್ 3, ಡಾಟ್ 4 ಎಂಬುವು ಅಮೆರಿಕದ ಸಾರಿಗೆ ಇಲಾಖೆ ಗೊತ್ತುಮಾಡಿದ ದರ್ಜೆಗಳು. ಹೊಸ ಡಾಟ್ 3 ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು, ಡಾಟ್ 4 ಆದರೆ 230. ಶೇಕಡಾ 3.7ರಷ್ಟು ನೀರು ಸೇರಿದ ಮೇಲೆ ಆ ಮಿತಿ ಡಾಟ್ 3ಕ್ಕೆ 140, ಡಾಟ್ 4ಕ್ಕೆ 155. ನೂರು ಚಮಚಕ್ಕೆ ನಾಲ್ಕು ಚಮಚವೂ ಪೂರ್ತಿ ಇಲ್ಲದ ನೀರು 65, 75 ಡಿಗ್ರಿ ಇಳಿಸಿಬಿಡುತ್ತದೆ. ಇಡೀ ಘಾಟಿ ಬ್ರೇಕ್ ಹಿಡಿದೇ ಇಳಿದರೆ ಡಿಸ್ಕಿನ ಬಿಸಿ ಇದನ್ನು ಸುಲಭವಾಗಿ ಮೀರುತ್ತದೆ, ಪಿಸ್ಟನ್ನಿನ ಮೂಲಕ ದ್ರವಕ್ಕೂ ದಾಟುತ್ತದೆ. ಕುದಿದು ಹುಟ್ಟಿದ ಆವಿ ನನ್ನ ಕಾಲಿನ ಬಲವನ್ನು ನುಂಗಿತು. ನಲವತ್ತು ನಿಮಿಷದಲ್ಲಿ ತಣಿದು ಮತ್ತೆ ದ್ರವವಾಯಿತು, ಪೆಡಲ್ ಗಟ್ಟಿಯಾಯಿತು. ಗ್ಯಾರೇಜಿಗೆ ಒಯ್ದಿದ್ದರೆ "ಬ್ರೇಕ್ ಚೆನ್ನಾಗೇ ಇದೆಯಲ್ಲ" ಅನ್ನುತ್ತಿದ್ದರು.

ಅಂಗಡಿಯಲ್ಲಿ ಕೊಳ್ಳುವವರಿಗೆ ಒಂದು ಮಾತು. ಅಂಕಿ ದೊಡ್ಡದಾದಷ್ಟೂ ಒಳ್ಳೆಯದೆಂದು ಡಾಟ್ 5 ತರಬೇಡಿ. ಅದು ಸಿಲಿಕೋನಿನದು, ಉಳಿದವುಗಳ ಜತೆ ಕೂಡುವುದಿಲ್ಲ. 5.1 ಎಂಬುದು ಹೆಸರಿನಲ್ಲಿ ಅದರ ತಮ್ಮನಂತಿದ್ದರೂ ಹುಟ್ಟಿನಲ್ಲಿ 3, 4ರ ಮನೆಯದು. ನಿಮ್ಮ ಕಾರಿನದು ಯಾವುದೆಂದು ಮುಚ್ಚಳದ ಮೇಲೆಯೇ ಅಚ್ಚೊತ್ತಿರುತ್ತದೆ.

ನಮ್ಮ ಮನೆಯಲ್ಲಿ ಆಯಿಲ್ ಬದಲಿಸುವ ಹಬ್ಬ ಎರಡು ವರ್ಷಕ್ಕೊಮ್ಮೆ, ಆಯುಧಪೂಜೆಗೆ ಎರಡು ಮೂರು ದಿನ ಮೊದಲು, ಮಳೆ ಹಿಂದೆಗೆದು ಒಳ್ಳೆಯ ಬಿಸಿಲು ಬಿದ್ದ ದಿನ ನೋಡಿ. ಈ ಕೆಲಸಕ್ಕೆ ಇಬ್ಬರು ಬೇಕು. ಒಬ್ಬರು ಪೆಡಲ್ ಒತ್ತಲು, ಇನ್ನೊಬ್ಬರು ಚಕ್ರದ ಬಳಿ ಹಳೇ ಆಯಿಲ್ ಹೊರಬಿಡುವ ನಿಪ್ಪಲ್ ಬಿಚ್ಚಲು. ಒಬ್ಬರೇ ಮಾಡುವ ಪಂಪುಗಳೂ ಸಿಗುತ್ತವೆ, ನಾನು ಕೊಂಡಿಲ್ಲ. ನನಗೆ ಅಮ್ಮ ಇದ್ದಾಳೆ.

ಅಮ್ಮನಿಗೆ ಈಗ ಎಪ್ಪತ್ತೆರಡು. ಕಾರು ಬಿಡಲು ಬರುವುದಿಲ್ಲ, ಕಲಿಯುವ ಆಸೆಯೂ ಇಲ್ಲ. ಆದರೆ ಮೂವತ್ತು ವರ್ಷಕ್ಕೂ ಮೇಲೆ ಹೊಲಿಗೆ ಮಿಷನ್ ತುಳಿದ ಕಾಲು ಅದು. ಜರಿಸೀರೆಯ ಅಂಚಿಗೆ ಎಷ್ಟು ನಿಧಾನ, ಸ್ಕೂಲ್ ಯೂನಿಫಾರ್ಮಿನ ದಪ್ಪ ಬಟ್ಟೆಗೆ ಎಷ್ಟು ಭಾರ, ಆ ಪಾದಕ್ಕೆ ಹೇಳಿಕೊಡಬೇಕಾಗಿಲ್ಲ. ಹೆಬ್ರಿಯ ಮದುವೆ ಮುಗಿದು ಕೆಲವು ದಿನಕ್ಕೆ ಪೇಟೆಯ ಗ್ಯಾರೇಜಿನ ಮೇಸ್ತ್ರಿ ಮನೆಗೇ ಬಂದು ಆಯಿಲ್ ಬದಲಿಸಿಕೊಟ್ಟರು. ಜಗಲಿಯಲ್ಲಿ ಕೂತು ನೋಡುತ್ತಿದ್ದ ಅಮ್ಮ, "ಕಾಲು ಒತ್ತೋದಷ್ಟೇನಾ? ಮುಂದಿನ ಸಲಕ್ಕೆ ನಾನೇ ಒತ್ತೀನಿ ಬಿಡು" ಅಂದಳು. ಅಂದಿನಿಂದ ಅದು ಅವಳ ಜಾಗ.

ಹಿಂದಿನ ದಿನವೇ ನಾಲ್ಕೂ ನಿಪ್ಪಲಿನ ರಬ್ಬರ್ ಟೋಪಿ ತೆಗೆದು, ಕೆಮ್ಮಣ್ಣು ಕೆರೆದು, ಬುಡಕ್ಕೆ ತುಕ್ಕು ಬಿಡಿಸುವ ಸ್ಪ್ರೇ ಹೊಡೆದಿಡುತ್ತೇನೆ. ಬಾಯಿ ತೆರೆದ ಸ್ಪ್ಯಾನರ್ ಇಲ್ಲಿ ಕೂಡದು, ರಿಂಗ್ ಸ್ಪ್ಯಾನರೇ ಆಗಬೇಕು, ಎಂಟರದೋ ಹತ್ತರದೋ. ತುಕ್ಕು ಹಿಡಿದ ನಿಪ್ಪಲ್ ಅವಸರಕ್ಕೆ ಮುರಿದರೆ ಬೆಳಗಿನ ಕೆಲಸ ವಾರದ ಕೆಲಸವಾಗುತ್ತದೆ. ಮೆಡಿಕಲ್ ಶಾಪಿನಿಂದ ತಂದ ಡ್ರಿಪ್ಪಿನ ನಳಿಗೆ, ಒಂದು ಪಾರದರ್ಶಕ ಬಾಟಲಿ, ತಳದಲ್ಲಿ ಎರಡು ಬೆರಳು ಹೊಸ ಆಯಿಲ್. ನಳಿಗೆಯ ತುದಿ ಅದರಲ್ಲಿ ಮುಳುಗಿರಬೇಕು, ಗಾಳಿ ಹಿಂದಕ್ಕೆ ಹೋಗದಂತೆ. ಜಾಕ್ ಎತ್ತಿದ ಮೇಲೆ ಸ್ಟ್ಯಾಂಡ್ ಕೊಡದೆ ಕಾರಿನ ಕೆಳಗೆ ಕೈ ಹಾಕುವುದಿಲ್ಲ. ಉಳಿದ ಚಕ್ರಗಳಿಗೆ ಕಲ್ಲು. ದೊಡ್ಡ ಸಿರಿಂಜಿನಿಂದ ಡಬ್ಬಿಯ ಹಳೆಯದನ್ನು ಹೀರಿ ತೆಗೆದು ಹೊಸದನ್ನು ತುಂಬಿಸಿದರೆ ಅರ್ಧ ಕೆಲಸ ಹಗುರ. ಹೊಸದೆಂದರೆ ಆಗಲೇ ಸೀಲು ಒಡೆದದ್ದು. ಹೋದ ವರ್ಷದ ಅರ್ಧ ಡಬ್ಬಿ ಉಳಿಸಿಟ್ಟು ಬಳಸುವುದು ಉಪ್ಪಿನಕಾಯಿಗೆ ಆದೀತು, ಇದಕ್ಕೆ ಆಗದು.

ಅಮ್ಮ ಚಪ್ಪಲಿ ಬಿಟ್ಟು ಬರಿಗಾಲಿನಲ್ಲಿ ಡ್ರೈವರ್ ಸೀಟು ಹತ್ತುತ್ತಾಳೆ. ಸೀಟು ಪೂರ್ತಿ ಮುಂದಕ್ಕೆ, ಬೆನ್ನಿಗೆ ದಿಂಬು. ಪೆಡಲಿನ ಕೆಳಗೆ ಹಳೇ ಮಣೆಯ ಒಂದು ತುಂಡು ಇಟ್ಟಿರುತ್ತೇನೆ, ಪೆಡಲ್ ನೆಲಕ್ಕೆ ತಾಗದಂತೆ. ವರ್ಷಗಟ್ಟಲೆ ಪಿಸ್ಟನ್ ಮುಟ್ಟದ ಸಿಲಿಂಡರಿನ ಕೊನೆಯಲ್ಲಿ ತುಕ್ಕು, ಕಸರು ಕೂತಿರುತ್ತದೆ. ಅಲ್ಲಿಗೆ ನುಗ್ಗಿಸಿದರೆ ರಬ್ಬರ್ ಸೀಲಿಗೆ ಗಾಯ. ಎಂಜಿನ್ ಆಫ್. ನಮ್ಮ ಕಾರಿಗೆ ಮೊದಲು ಎಡ ಹಿಂಗಾಲಿ, ಮಾಸ್ಟರ್ ಸಿಲಿಂಡರಿಗೆ ಎಲ್ಲಕ್ಕಿಂತ ದೂರದ್ದು. ಕೆಲವು ಕಾರುಗಳಲ್ಲಿ ಪೈಪು ಕೋನದಿಂದ ಕೋನಕ್ಕೆ ಹಾಯ್ದಿರುತ್ತದೆ, ಆಗ ಕ್ರಮ ಬೇರೆ.

"ಒತ್ತು ಅಮ್ಮ."

"ಒತ್ತಿದೆ."

"ಹಿಡಿ."

"ಹಿಡಿದಿದೀನಿ."

ಸ್ಪ್ಯಾನರನ್ನು ಕಾಲುಸುತ್ತು ತಿರುಗಿಸುತ್ತೇನೆ. ನಳಿಗೆ ಒಮ್ಮೆ ಬೆಚ್ಚಿದ ಹಾಗೆ ಅಲುಗಿ, ಕಷಾಯದ ಬಣ್ಣದ ದ್ರವ ಸರ್ರನೆ ಬರುತ್ತದೆ. ಒಳಗಿನಿಂದ ಅಮ್ಮನ ದನಿ: "ಕೂತ್ತು." ಪೆಡಲ್ ಮಣೆಗೆ ತಾಗಿತು ಎಂದರ್ಥ.

"ಹಾಗೇ ಇರು." ಬಿಗಿಸುತ್ತೇನೆ. "ಬಿಡು."

"ಎದ್ದಿತು."

ಒತ್ತು, ಹಿಡಿ, ಬಿಡು. ಈ ಮೂರು ಮಾತು ಒಂದು ಚಕ್ರಕ್ಕೆ ಹತ್ತು ಹದಿನೈದು ಸಲ. ನಾನು ಬಿಗಿಸುವ ಮುಂಚೆ ಅವಳು ಕಾಲೆತ್ತಿದರೆ ಬಾಯಿ ತೆರೆದ ನಿಪ್ಪಲ್ ಗಾಳಿಯನ್ನು ಒಳಕ್ಕೆಳೆಯುತ್ತದೆ. ಒಂದು ಸಲ ಒಳಗೆ ಫೋನು ಹೊಡೆದುಕೊಂಡಾಗ ಹಾಗಾಯಿತು, ಅರ್ಧ ಗಂಟೆಯ ಕೆಲಸ ಮತ್ತೆ ಮೊದಲಿನಿಂದ. ಅಂದಿನಿಂದ ಫೋನು ಪಕ್ಕದ ಮನೆಯಲ್ಲಿ. ಐದಾರು ಸಲಕ್ಕೊಮ್ಮೆ ಎದ್ದು ಹೋಗಿ ಮೇಲಿನ ಡಬ್ಬಿಗೆ ತುಂಬಿಸಬೇಕು. ಅದು ಬರಿದಾಗಲು ಬಿಡಲೇಬಾರದು.

ಈ ಕೆಲಸದಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿಯ ಕ್ಷಣ ನಳಿಗೆಯೊಳಗೆ ನಡೆಯುತ್ತದೆ. ಮೊದಲು ಬರುವುದೆಲ್ಲ ಕಪ್ಪು. ನಡುವೆ ಸಬ್ಬಕ್ಕಿಯಂಥ ಒಂದೆರಡು ಗುಳ್ಳೆ, ಒಂದರ ಹಿಂದೊಂದು ತೇಲಿ ಬಾಟಲಿಗೆ ಬಂದು ಒಡೆಯುತ್ತವೆ. ಆಮೇಲೆ ಕಪ್ಪು ಕಂದಾಗುತ್ತದೆ. ಎಂಟನೆಯದೋ ಒಂಬತ್ತನೆಯದೋ ಒತ್ತಿಗೆ, ಕಂದಿನ ಬೆನ್ನಿಗೇ ತಿಳಿಜೇನು ಹೊರಬರುತ್ತದೆ. ಹಳತು ಹೊಸತರ ನಡುವಿನ ಗಡಿ ನಳಿಗೆಯ ಉದ್ದಕ್ಕೆ ನನ್ನ ಕಣ್ಣೆದುರೇ ಸರಿದುಹೋಗುತ್ತದೆ. ಮುಂದಿನಿಂದ ಹಿಂದಿನವರೆಗೆ ಕಾರಿನ ಹೊಟ್ಟೆಯಡಿ, ಬಾಲ್‌ಪೆನ್ನಿನ ರೀಫಿಲ್ಲಿಗಿಂತ ತುಸು ದಪ್ಪದ ಉಕ್ಕಿನ ಪೈಪಿನಲ್ಲಿ ಹಾದು ಬಂದ ಹೊಸ ಆಯಿಲ್ ಅದು. ಅಲ್ಲಿಂದ ಅಮ್ಮನ ಪಾದ ಒತ್ತಿದ್ದು ಇಲ್ಲಿ ನನ್ನ ಬೆರಳಿಗೆ ತಾಕುತ್ತದೆ. ಅವಳ ಕಾಲು ದಣಿದದ್ದೂ ನನಗೆ ಮಾತಿಗಿಂತ ಮೊದಲು ಸ್ಪ್ಯಾನರಿನಲ್ಲಿ ಗೊತ್ತಾಗುತ್ತದೆ. ಧಾರೆ ಸಣ್ಣದಾಗುತ್ತದೆ, ನಾನು "ಸ್ವಲ್ಪ ಸುಧಾರಿಸ್ಕೋ" ಅನ್ನುತ್ತೇನೆ.

ಹಾಗೆ ಸುಧಾರಿಸಿಕೊಳ್ಳುವಾಗ ಹಳೆಯ ಸುದ್ದಿ ಹೇಳುತ್ತೇನೆ. ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ಎಂಬಾತ ದ್ರವದ ಬ್ರೇಕಿಗೆ ಪೇಟೆಂಟ್ ಪಡೆದದ್ದು 1917ರಲ್ಲಿ. ನಾಲ್ಕೂ ಚಕ್ರಕ್ಕೆ ಅದನ್ನು ಅಳವಡಿಸಿಕೊಂಡ ಮೊದಲ ಕಾರು 1921ರ ಡ್ಯೂಸೆನ್‌ಬರ್ಗ್. ಅಮ್ಮನಿಗೆ ಹಿಡಿಸಿದ್ದು ಬೇರೆ ಸಂಗತಿ. ಆ ಕಾಲದ ಬ್ರೇಕುಗಳಲ್ಲಿ ತುಂಬುತ್ತಿದ್ದದ್ದು ಹರಳೆಣ್ಣೆಗೆ ಆಲ್ಕೋಹಾಲ್ ಬೆರೆಸಿದ ಮಿಶ್ರಣ. ಪೆಟ್ರೋಲಿಯಮ್ಮಿನ ಎಣ್ಣೆ ತಾಕಿದರೆ ಸೀಲಿನ ರಬ್ಬರ್ ಊದಿಕೊಳ್ಳುತ್ತದೆ, ಹರಳೆಣ್ಣೆ ಅದಕ್ಕೆ ಹಾನಿ ಮಾಡುವುದಿಲ್ಲ. ಈಗಲೂ ಒಂದು ತೊಟ್ಟು ಎಂಜಿನ್ ಆಯಿಲ್ ಆ ಡಬ್ಬಿಗೆ ಬೀಳಬಾರದು ಎನ್ನುವುದು ಅದಕ್ಕೇ. "ಹರಳೆಣ್ಣೆನಾ! ನಿನ್ನ ನೆತ್ತಿಗೆ ಎಷ್ಟು ತಟ್ಟಿದೀನಿ" ಅಂದಳು ಅಮ್ಮ, ಪೆಡಲ್ ಮೇಲೆ ಕಾಲಿಟ್ಟುಕೊಂಡೇ.

ನಾಲ್ಕೂ ಮುಗಿಯುವ ಹೊತ್ತಿಗೆ ಪೆಡಲ್ ಬದಲಾಗಿರುತ್ತದೆ. ಅದನ್ನು ಮೊದಲು ಹೇಳುವವಳು ಅವಳೇ. "ಈಗ ದಾರ ಬಿಗಿ ಬಂತು ನೋಡು" ಅನ್ನುತ್ತಾಳೆ. ಮಿಷನ್ನಿನ ದಾರ ಸಡಿಲವಿದ್ದರೆ ಹೊಲಿಗೆ ಕೆಳಗೆ ಕುಣಿಕೆ ಕುಣಿಕೆ ಬರುತ್ತದಂತೆ, ತಿರುಪು ಒಂದು ಹದಕ್ಕೆ ಬಂದಾಗ ಕಾಲಿಗೇ ತಿಳಿಯುತ್ತದಂತೆ. ಗಟ್ಟಿ ಪೆಡಲಿಗೆ ಇದಕ್ಕಿಂತ ಒಳ್ಳೆಯ ಮಾತು ನಾನು ಕೇಳಿಲ್ಲ.

ಎಬಿಎಸ್ ಇರುವ ಕಾರುಗಳಲ್ಲಿ ಗಾಳಿ ಒಂದು ಸಲ ಆ ಘಟಕದೊಳಗೆ ಹೊಕ್ಕರೆ ಕಂಪ್ಯೂಟರ್ ಜೋಡಿಸಿ ತೆಗೆಯಬೇಕಾಗಬಹುದು. ಭಾವನ ಹೊಸ ಕಾರಿಗೆ ನಾನು ಕೈ ಹಾಕುವುದಿಲ್ಲ, ಟಾರ್ಚ್ ಹಿಡಿದು ಮಟ್ಟ ನೋಡಿ ತಾರೀಕು ನೆನಪಿಸುತ್ತೇನೆ, ಅಷ್ಟೇ. ನಮ್ಮದಕ್ಕೂ ಮೊದಲೆರಡು ಸಲ ಮೇಸ್ತ್ರಿ ಪಕ್ಕದಲ್ಲಿ ನಿಂತಿದ್ದರು. ಬೇರೆ ಎಷ್ಟೋ ಕೆಲಸದಲ್ಲಿ ತಪ್ಪಿದರೆ ಕಾರು ಹೊರಡದೆ ನಿಲ್ಲುತ್ತದೆ. ಇದರಲ್ಲಿ ತಪ್ಪಿದರೆ ಹೊರಟ ಕಾರು ನಿಲ್ಲುವುದಿಲ್ಲ. ಅದಕ್ಕೇ ಈ ಕೆಲಸದ ಮೇಲೆ ನನಗೆ ಪ್ರೀತಿಯಷ್ಟೇ ಭಯವೂ ಇದೆ, ಆ ಭಯ ಇರಲೆಂದೇ ನನ್ನ ಆಸೆ.

ಬಾಟಲಿಯ ಹಳೇ ಆಯಿಲ್ ವಿಷ. ಬಾವಿಯಿರುವ ಅಂಗಳ ನಮ್ಮದು, ನಾಯಿ, ಕರು ಓಡಾಡುವ ಜಾಗ. ತಿರುಪಿನ ಮುಚ್ಚಳ ಹಾಕಿ, ಮೇಲೆ ದೊಡ್ಡದಾಗಿ ಬರೆದು, ಹಳೇ ಎಂಜಿನ್ ಆಯಿಲ್ ಸಂಗ್ರಹಿಸುವವರಿಗೆ ಬೇರೆಯಾಗಿಯೇ ಕೊಡಲು ಗ್ಯಾರೇಜಿಗೆ ಒಯ್ಯುತ್ತೇನೆ. ನಿಪ್ಪಲುಗಳಿಗೆ ರಬ್ಬರ್ ಟೋಪಿ ಹಾಕಿ, ಸುತ್ತಲೂ ನೀರು ಹೊಯ್ದು ತೊಳೆದು, ಒಣಗಿದ ಮೇಲೆ ಬೆರಳಾಡಿಸಿ ಒದ್ದೆ ಇದೆಯೇ ನೋಡುತ್ತೇನೆ. ಸೀಟಿಗೆ ಕೂತು ಪೆಡಲನ್ನು ಜೋರಾಗಿ ಒತ್ತಿ ಅರ್ಧ ನಿಮಿಷ ಹಿಡಿಯುತ್ತೇನೆ. ಮೆಲ್ಲಗೆ ಕೆಳಗೆ ಜಾರಬಾರದು. ಕಾಲು ಅಲ್ಲೇ ಇಟ್ಟು ಎಂಜಿನ್ ಚಾಲೂ ಮಾಡಿದರೆ ಪೆಡಲ್ ತುಸು ತಗ್ಗಿ ನಿಲ್ಲುತ್ತದೆ, ಕಾಲಿನ ಬಲ ಹೆಚ್ಚಿಸುವ ಬೂಸ್ಟರ್ ಎಚ್ಚರಗೊಂಡ ಗುರುತು.

ಆಯುಧಪೂಜೆಯ ದಿನ ಜಗಲಿಯ ಮೂಲೆಯ ಹೊಲಿಗೆ ಮಿಷನ್ನಿಗೂ ಅಂಗಳದ ಕಾರಿಗೂ ಒಂದೇ ಬಟ್ಟಲಿನ ಕುಂಕುಮ, ಒಂದೇ ದಂಡೆಯಿಂದ ತುಂಡು ಮಾಡಿದ ಸೇವಂತಿಗೆ. ಅದು ಇನ್ನೆರಡು ದಿನಕ್ಕೆ. ಈಗ ಅಮ್ಮ ಇಳಿದು, ದಿಂಬು ಕಂಕುಳಲ್ಲಿ ಇಟ್ಟುಕೊಂಡು, ತುಳಸಿಕಟ್ಟೆಯ ಪಕ್ಕ ನಿಂತಿದ್ದಾಳೆ. ನಾನು ಕಲ್ಲುಗಳನ್ನು ತೆಗೆದು, ಒಂದನೇ ಗೇರು ಹಾಕಿ, ಶೆಡ್ಡಿನಿಂದ ಹತ್ತು ಅಡಿ ಮುಂದೆ ಬಂದು ಬ್ರೇಕ್ ಒತ್ತುತ್ತೇನೆ. ಹಿಂದೆ ಹೋಗಿ ಮತ್ತೆ ಒತ್ತುತ್ತೇನೆ.

"ನಿಂತ್ತಾ?"

"ನಿಂತಿತು ಅಮ್ಮ."

"ಇನ್ನೊಂದು ಸಲ ನೋಡು."

ನೋಡುತ್ತೇನೆ.